ಹಗ್ಗ ಜಗ್ಗಿ ಬೊಗಳುವ ನಾಯಿಗೆ ತರಬೇತಿ: ಪುಣೆಯ ಕನ್ನಡ ಕುಟುಂಬಗಳಿಗೊಂದು ಮಾರ್ಗದರ್ಶಿ

ಮನೆಯೊಳಗೆ ಯಾರ ತಂಟೆಗೂ ಹೋಗದ ನಾಯಿ, ಸೊಸೈಟಿಯ ಗೇಟು ದಾಟಿ ಇನ್ನೊಂದು ನಾಯಿಯನ್ನೋ ಡೆಲಿವರಿ ಹುಡುಗನ ಬೈಕನ್ನೋ ಕಂಡೊಡನೆ ಹಗ್ಗ ಹರಿಯುವಂತೆ ಜಗ್ಗಿ, ಹಿಂಗಾಲುಗಳ ಮೇಲೆ ನಿಂತು, ಇಡೀ ಕಟ್ಟಡಕ್ಕೆ ಕೇಳಿಸುವಂತೆ ಬೊಗಳತೊಡಗುತ್ತದೆ. ತರಬೇತುದಾರರು ಇಂಥ ನಾಯಿಯನ್ನು ರಿಯಾಕ್ಟಿವ್ ಎನ್ನುತ್ತಾರೆ; ಈ ಲೇಖನದಲ್ಲಿ ಕೆರಳುವ ನಾಯಿ ಎಂದು ಕರೆಯೋಣ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಕೊಥ್ರೂಡ್, ಕರ್ವೆನಗರ, ಬಾಣೇರ್‌ನಂಥ ಬಡಾವಣೆಗಳಲ್ಲಿ ನೆಲೆಸಿದ ಮನೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ನಾಯಿಗೆ ಸೊಕ್ಕು ಬಂದಿದೆ. ಊರಿನಿಂದ ಬಂದ ಅಜ್ಜ "ಎರಡು ಬಿಟ್ಟರ ತಾನ ಸುಮ್ಮನಾಗ್ತದ" ಎಂದು ತೀರ್ಪನ್ನೂ ಕೊಟ್ಟುಬಿಡುತ್ತಾರೆ.

ಆದರೆ ಹೀಗೆ ಕೆರಳುವ ನಾಯಿಗಳಲ್ಲಿ ಬಹುಪಾಲು ಹೆದರಿದ ನಾಯಿಗಳು. ಉಳಿದವುಗಳಲ್ಲಿ ಹೆಚ್ಚಿನವು ಎದುರಿನ ನಾಯಿಯ ಬಳಿಗೆ ಹೋಗಲು ಹಂಬಲಿಸಿ, ಹಗ್ಗ ತಡೆಯುವುದರಿಂದ ರೇಗುವಂಥವು. ಹೆದರಿದ ನಾಯಿ ಬೊಗಳುತ್ತದೆ, ಕೊರಿಯರ್‌ನವನು ತನ್ನ ಕೆಲಸ ಮುಗಿಸಿ ಹೊರಟುಹೋಗುತ್ತಾನೆ. ತಾನು ಬೊಗಳಿದ್ದರಿಂದಲೇ ಅವನು ಹೋದನೆಂದು ನಾಯಿ ತಿಳಿಯುತ್ತದೆ. ಪ್ರತಿದಿನ ಈ ಲೆಕ್ಕ ಸರಿಹೊಂದುತ್ತಲೇ ಇರುವಾಗ ಆ ಅಭ್ಯಾಸವನ್ನು ಅದು ಏಕೆ ಬಿಟ್ಟೀತು? ಆದ್ದರಿಂದ ಬೊಗಳುವುದನ್ನು ನಿಲ್ಲಿಸುವುದಕ್ಕಿಂತ, ಎದುರಿಗೆ ಕಂಡದ್ದರ ಬಗ್ಗೆ ನಾಯಿಯ ಮನಸ್ಸಿನಲ್ಲಿರುವ ಭಾವನೆಯನ್ನು ಬದಲಿಸುವುದೇ ತರಬೇತಿಯ ಗುರಿಯಾಗಬೇಕು. ಅದಕ್ಕೆ ಬೇಕಾದ ಮುಖ್ಯ ಸಾಧನ ದೂರ. ಪುಣೆಯಂಥ ಇಕ್ಕಟ್ಟಿನ ನಗರದಲ್ಲಿ ಸುಲಭವಾಗಿ ಸಿಗದ ವಸ್ತುವೂ ಅದೇ.

ಮೊದಲು ಪಶುವೈದ್ಯರ ಬಳಿಗೆ

ತರಬೇತಿಗೆ ಕೈಹಾಕುವ ಮುನ್ನ ನೋವಿನ ಸಾಧ್ಯತೆಯನ್ನು ಪರೀಕ್ಷಿಸಿಕೊಳ್ಳಬೇಕು. ಸೊಂಟದ ಕೀಲುನೋವು, ಕಿವಿಯ ಸೋಂಕು, ಹಲ್ಲುನೋವು, ಚರ್ಮದ ತುರಿಕೆ, ಇವುಗಳಲ್ಲಿ ಯಾವುದಿದ್ದರೂ ನಾಯಿಯ ಸಹನೆ ಕುಗ್ಗುತ್ತದೆ. ವರ್ಷಗಟ್ಟಲೆ ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕೆರಳತೊಡಗಿದರೆ, ಅಥವಾ ವಯಸ್ಸಾದ ನಾಯಿ ಮುಟ್ಟಿದೊಡನೆ ಗುರ್ರೆಂದರೆ, ಅದನ್ನು ನಡತೆಯ ದೋಷವೆಂದು ಭಾವಿಸುವುದಕ್ಕಿಂತ ದೇಹದ ದೂರೆಂದು ಭಾವಿಸುವುದು ಸರಿ. ನೋವಿರುವ ನಾಯಿಗೆ ಎಷ್ಟು ತರಬೇತಿ ಕೊಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಿಮ್ಮ ನಾಯಿಯ ದೂರವನ್ನು ಅಳೆಯಿರಿ

ಪ್ರತಿ ನಾಯಿಗೂ ಒಂದು ಗೆರೆಯಿರುತ್ತದೆ. ಆ ಗೆರೆಯಿಂದ ಆಚೆ ಇನ್ನೊಂದು ನಾಯಿ ಕಂಡರೆ ಅದು ನೋಡುತ್ತದೆ, ಆಲೋಚಿಸುತ್ತದೆ, ನಿಮ್ಮ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಗೆರೆಯಿಂದ ಈಚೆ ಬಂದರೆ ಸ್ಫೋಟಿಸುತ್ತದೆ. ಸ್ಫೋಟವಾದ ಮೇಲೆ ಯಾವ ಪಾಠವೂ ತಲೆಗೆ ಹೋಗುವುದಿಲ್ಲ. ಆ ಗೆರೆ ಎಲ್ಲಿದೆಯೆಂದು ಕಂಡುಹಿಡಿಯುವುದು ನಿಮ್ಮ ಮೊದಲ ಕೆಲಸ. ಮೀಟರು ಲೆಕ್ಕ ಬೇಕಿಲ್ಲ. ರಸ್ತೆಬದಿಯಲ್ಲಿ ನಿಲ್ಲಿಸಿದ ಕಾರುಗಳನ್ನೇ ಅಳತೆಗೋಲಾಗಿಟ್ಟುಕೊಂಡು "ನಾಯಿಗೆ ಏಳು ಕಾರು, ಸ್ಕೂಟರಿಗೆ ಮೂರು ಕಾರು, ಕೊಡೆ ಹಿಡಿದವರಿಗೆ ಎರಡು ಕಾರು" ಎಂಬಂತೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಸಾಕು.

ಗೆರೆ ಹತ್ತಿರವಾಗುತ್ತಿರುವುದನ್ನು ನಾಯಿಯ ದೇಹ ಮೊದಲೇ ಹೇಳುತ್ತದೆ, ಆದರೆ ಬಲು ಬೇಗ ಹೇಳಿ ಮುಗಿಸುತ್ತದೆ. ತೆರೆದಿದ್ದ ಬಾಯಿ ಮುಚ್ಚಿಕೊಳ್ಳುತ್ತದೆ, ಏದುಸಿರು ನಿಲ್ಲುತ್ತದೆ. ಕಿವಿಗಳು ಮುಂದಕ್ಕೆ ಚಾಚುತ್ತವೆ ಅಥವಾ ತಲೆಗೆ ಅಂಟಿಕೊಳ್ಳುತ್ತವೆ. ದೇಹದ ಭಾರ ಮುಂಗಾಲುಗಳಿಗೆ ಸರಿಯುತ್ತದೆ, ಬಾಲದ ಬುಡ ಬಿಗಿಯುತ್ತದೆ, ನೋಟ ಒಂದೇ ಬಿಂದುವಿನಲ್ಲಿ ನೆಡುತ್ತದೆ. ತುಟಿ ನೆಕ್ಕುವುದು, ನಿದ್ದೆಯಿಲ್ಲದಿದ್ದರೂ ಆಕಳಿಸುವುದು, ಮುಖವನ್ನು ಪಕ್ಕಕ್ಕೆ ತಿರುಗಿಸುವುದು ಇವೆಲ್ಲ ಅದಕ್ಕಿಂತ ಮುಂಚಿನ, ಇನ್ನೂ ಮೆದುವಾದ ಸೂಚನೆಗಳು. ಬಾಲ ಅಲ್ಲಾಡುತ್ತಿದೆಯೆಂದು ಮೋಸಹೋಗಬಾರದು: ಎತ್ತರಕ್ಕೆ ಸೆಟೆದು ಚುರುಕಾಗಿ ಅಲ್ಲಾಡುವ ಬಾಲವು ಉದ್ವೇಗದ ಗುರುತೇ ಹೊರತು ಸ್ನೇಹದ್ದಲ್ಲ. ಇವೆಲ್ಲಕ್ಕಿಂತ ನಂಬಲರ್ಹವಾದ ಅಳತೆ ತಿನಿಸು. ಮನೆಯಲ್ಲಿ ತುಟಿಯಿಂದ ಮೆಲ್ಲಗೆ ತೆಗೆದುಕೊಳ್ಳುವ ಪನೀರಿನ ತುಣುಕನ್ನು ರಸ್ತೆಯಲ್ಲಿ ಬೆರಳಿಗೆ ಹಲ್ಲು ತಾಗುವಂತೆ ಕಸಿದುಕೊಂಡರೆ ನೀವು ಗೆರೆಯ ಅಂಚಿನಲ್ಲಿದ್ದೀರಿ. ಮೂಸಿಯೂ ನೋಡದಿದ್ದರೆ ದಾಟಿಯಾಗಿದೆ.

ತಳಿಯನ್ನೂ ಗಮನಿಸಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯು ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟಿಸಿಕೊಂಡು ಹೋಗಲೆಂದೇ ಬೆಳೆದುಬಂದ ತಳಿ. ನಿಂತ ಸ್ಕೂಟರು ಅದಕ್ಕೆ ಏನೂ ಅಲ್ಲ, ಆದರೆ ಓಡುವ ಸ್ಕೂಟರು, ಜಾಗಿಂಗ್ ಮಾಡುವವರು, ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ನವಿಲು, ಇವೆಲ್ಲ ಅದನ್ನು ಬಹುದೂರದಿಂದಲೇ ಸೆಳೆಯುತ್ತವೆ. ಇಂಥ ನಾಯಿಯ ಕೆರಳುವಿಕೆಯಲ್ಲಿ ಹೆದರಿಕೆಯ ಪಾಲು ಕಡಿಮೆ, ಅಟ್ಟುವ ಹುಕಿಯ ಪಾಲು ಹೆಚ್ಚು. ಅದರ ಗೆರೆಯನ್ನು ಚಲನೆಯ ವೇಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕು.

ಕೆರಳುವ ಸಂದರ್ಭಗಳನ್ನು ಕಡಿಮೆ ಮಾಡಿ

ಪ್ರತಿ ಸ್ಫೋಟವೂ ನಾಯಿಯ ಪಾಲಿಗೆ ಒಂದು ಅಭ್ಯಾಸ. ಬೆಳಿಗ್ಗೆ ಹತ್ತು ನಿಮಿಷ ಕಲಿಸಿ, ಉಳಿದ ಹೊತ್ತೆಲ್ಲ ಬಾಲ್ಕನಿಯ ಸರಳುಗಳ ನಡುವಿನಿಂದ ಹೋಗಿಬರುವವರಿಗೆಲ್ಲ ಬೊಗಳಲು ಬಿಟ್ಟರೆ ಯಾವ ಪಾಠ ಗೆಲ್ಲುತ್ತದೆಂದು ಹೇಳಬೇಕಾಗಿಲ್ಲ. ಬಾಲ್ಕನಿಯ ಕೆಳಭಾಗಕ್ಕೆ ಶೇಡ್‌ನೆಟ್ ಕಟ್ಟಿ, ಕಿಟಕಿಯ ಕೆಳಗಿನ ಗಾಜಿಗೆ ಮಸುಕಾದ ಫಿಲ್ಮ್ ಅಂಟಿಸಿ, ಬಾಗಿಲ ಗಂಟೆಯ ಸದ್ದನ್ನು ತಗ್ಗಿಸಿ. ಮನೆಗೆಲಸದವರು ಬರುವ ಹೊತ್ತಿಗೆ ನಾಯಿಯನ್ನು ಒಳಕೋಣೆಯಲ್ಲಿ ಏನಾದರೂ ಅಗಿಯಲು ಕೊಟ್ಟು ಕೂರಿಸಿ.

ಲಿಫ್ಟು ಅತ್ಯಂತ ಕಷ್ಟದ ಜಾಗ, ಏಕೆಂದರೆ ಬಾಗಿಲು ತೆರೆದೊಡನೆ ಎದುರಿನ ನಾಯಿ ಎರಡು ಅಡಿ ದೂರದಲ್ಲಿರುತ್ತದೆ. ಮೂರನೆಯ ಮಹಡಿಯವರೆಗೆ ಮೆಟ್ಟಿಲನ್ನೇ ಬಳಸುವುದು ಒಳ್ಳೆಯದು. ಲಿಫ್ಟು ಅನಿವಾರ್ಯವಾದರೆ ನಾಯಿಯನ್ನು ಹಿಂದಿನ ಮೂಲೆಯಲ್ಲಿ ನಿಲ್ಲಿಸಿ, ಬಾಗಿಲಿಗೂ ಅದಕ್ಕೂ ನಡುವೆ ನೀವು ನಿಂತು, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯುವ ಮುನ್ನ ನೆಲದ ಮೇಲೆ ನಾಲ್ಕು ತುಣುಕು ಚೆಲ್ಲಿ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಇತರ ನಾಯಿ ಸಾಕಿದವರೊಡನೆ ಸಮಯ ಹೊಂದಿಸಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಮರಾಠಿಯಲ್ಲಿ ವಿನಯವಾಗಿ ಒಂದು ಸಂದೇಶ ಹಾಕಿದರೆ ಇಲ್ಲಿ ಯಾರೂ ಇಲ್ಲವೆನ್ನುವುದಿಲ್ಲ.

ಒಂದೇ ದಿನದ ಸಣ್ಣ ಸಣ್ಣ ಕಿರಿಕಿರಿಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ ಎಂಬುದನ್ನೂ ಮರೆಯಬಾರದು. ಬೆಳಿಗ್ಗೆ ಕಸದ ಗಾಡಿಯ ಸದ್ದು, ಮಧ್ಯಾಹ್ನ ಪಕ್ಕದ ಫ್ಲ್ಯಾಟಿನ ಡ್ರಿಲ್ಲಿಂಗ್, ಸಂಜೆ ಮನೆತುಂಬ ನೆಂಟರು. ರಾತ್ರಿ ವಾಕಿಂಗಿನಲ್ಲಿ ನಿತ್ಯ ಸಹಿಸಿಕೊಳ್ಳುತ್ತಿದ್ದ ದೂರದಲ್ಲೇ ನಾಯಿ ಸಿಡಿದುಬೀಳುತ್ತದೆ. ಅಂಥ ದಿನ ರಸ್ತೆಯ ವಾಕಿಂಗನ್ನು ಕೈಬಿಟ್ಟು, ಮಲಮೂತ್ರಕ್ಕಷ್ಟೇ ಹೊರಗೆ ಕರೆದೊಯ್ದು, ಮನೆಯಲ್ಲಿ ಟವೆಲ್ಲಿನೊಳಗೆ ತಿನಿಸು ಸುತ್ತಿಟ್ಟು ಮೂಗಿಗೆ ಕೆಲಸ ಕೊಡುವುದು ಲೇಸು. ನಿತ್ಯ ವಾಕಿಂಗ್ ತಪ್ಪಿಸಬಾರದೆಂಬ ನಿಯಮ ಕೆರಳುವ ನಾಯಿಗೆ ಅನ್ವಯಿಸುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಪರಿಕರ ಮತ್ತು ತಿನಿಸು

ಎದೆಯ ಮುಂಭಾಗದಲ್ಲಿ ಕೊಂಡಿಯಿರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ಮತ್ತು ಸುಮಾರು ಎರಡು ಮೀಟರಿನ ಗಟ್ಟಿ ಲೀಶ್, ಅಂದರೆ ಕೈಯಲ್ಲಿ ಹಿಡಿಯುವ ಹಗ್ಗ, ಸಾಕು. ನಾಯಿ ಎಳೆದಂತೆ ತಾನಾಗಿ ಉದ್ದವಾಗುವ ಲೀಶ್ ಬೇಡ; ಬೇಕಾದ ಕ್ಷಣದಲ್ಲಿ ಅದು ನಿಲ್ಲುವುದಿಲ್ಲ. ಕುತ್ತಿಗೆ ಬಿಗಿಯುವ ಚೈನು, ಮುಳ್ಳಿನ ಪಟ್ಟಿ, ಕರೆಂಟು ಹೊಡೆಯುವ ಕಾಲರ್ ಇವುಗಳನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ತರಬಾರದು. ಕಾರಣವನ್ನು ಮುಂದೆ ಹೇಳಿದ್ದೇನೆ.

ತಿನಿಸು ಒಣ ಬಿಸ್ಕತ್ತಿನಂಥದ್ದಾಗಿದ್ದರೆ ಬೈಕಿನ ಎದುರು ನಡೆಯುವುದಿಲ್ಲ. ಬೇಯಿಸಿದ ಕೋಳಿ ಎಲ್ಲಕ್ಕಿಂತ ಉತ್ತಮ. ಸಸ್ಯಾಹಾರದ ಮನೆಯಾದರೆ ಉಪ್ಪಿಲ್ಲದ ಪನೀರನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿಟ್ಟುಕೊಳ್ಳಿ. ಹಾಲು ಒಗ್ಗದ ನಾಯಿಗೆ, ಮನೆಯಲ್ಲಿ ನಡೆಯುವುದಾದರೆ, ಬೇಯಿಸಿದ ಮೊಟ್ಟೆ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಹೀಗಾಗಿ ಒಗ್ಗರಣೆಯ ಅಡುಗೆಯೂ ಶಿರಾ, ಪಾಯಸವೂ ತರಬೇತಿಯ ತಿನಿಸಾಗಬಾರದು. ಕೊಟ್ಟ ತಿನಿಸಿನಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಮನೆಯಲ್ಲಿ ಕನ್ನಡ, ಕೆಲಸದವರೊಡನೆ ಮರಾಠಿ, ಮಕ್ಕಳ ಬಾಯಲ್ಲಿ ಇಂಗ್ಲಿಷ್ ಇರುವಾಗ ನಾಯಿಗೆ ಮೂರು ಭಾಷೆಯ ಆಜ್ಞೆಗಳು ಬೀಳುತ್ತವೆ. ಎಲ್ಲರೂ ಒಂದೇ ಮಾತು ಬಳಸುವಂತೆ ಫ್ರಿಜ್ಜಿನ ಮೇಲೊಂದು ಪಟ್ಟಿ ಅಂಟಿಸಿ. ಮುಂದಿನ ಅಭ್ಯಾಸಕ್ಕೆ "ಭೇಷ್" ಎಂಬ ಒಂದು ಚಿಕ್ಕ ಪದ ಸಾಕು. ಎರಡು ಮೂರು ದಿನ ಮನೆಯಲ್ಲಿ "ಭೇಷ್" ಎಂದೊಡನೆ ಒಂದು ತುಣುಕು ಕೊಡುತ್ತ ಹೋದರೆ, ಆ ಪದ ಕೇಳಿದ ಕೂಡಲೇ ನಾಯಿ ನಿಮ್ಮ ಕೈ ನೋಡತೊಡಗುತ್ತದೆ.

ಮುಖ್ಯ ಅಭ್ಯಾಸ: ಕಂಡರೆ ತಿನಿಸು

ಇದರ ಹಿಂದಿನ ತತ್ತ್ವ ಹಳೆಯದು. ಆಹಾರ ಬರುವ ಮುನ್ನ ಕೇಳಿಸಿದ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ರಷ್ಯಾದ ಇವಾನ್ ಪಾವ್ಲೊವ್ ತೋರಿಸಿಕೊಟ್ಟರು. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನಿಗೆ ಇಷ್ಟದ ತಿಂಡಿ ಕೊಡುತ್ತ, ದೂರದಲ್ಲಿದ್ದ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಆ ಹೆದರಿಕೆಯನ್ನು ಕಳೆದ ಪ್ರಯೋಗವನ್ನು ಪ್ರಕಟಿಸಿದರು. ನಿಮ್ಮ ನಾಯಿಗೂ ಮಾಡಬೇಕಾದದ್ದು ಅಷ್ಟೇ.

ಗೆರೆಯಿಂದ ಎರಡು ಕಾರು ಆಚೆಗಿನ ದೂರದಲ್ಲಿ ನಿಂತುಕೊಳ್ಳಿ. ಪರಿಚಯದವರ ಶಾಂತ ನಾಯಿಯೊಂದು ಸಿಕ್ಕರೆ ಅನುಕೂಲ. ಇಲ್ಲದಿದ್ದರೆ ಪಶು ಆಸ್ಪತ್ರೆಯ ಎದುರಿನ ರಸ್ತೆಯ ಆಚೆ ಬದಿ, ಅಗಲವಾದ ಪಾರ್ಕಿಂಗ್ ಅಂಗಳ, ಅಥವಾ ವಾರದ ದಿನಗಳಲ್ಲಿ ಬಿಸಿಲೇರುವ ಮುನ್ನ ಟೇಕಡಿಯ ತೆರೆದ ಜಾಗ ಆಗಬಹುದು. ಭಾನುವಾರ ಬೆಳಿಗ್ಗೆ ವೇತಾಳ ಟೇಕಡಿಗೆ ಹೋಗಬೇಡಿ. ಹಗ್ಗ ಬಿಚ್ಚಿದ ನಾಯಿಗಳು ನಾಲ್ಕೂ ದಿಕ್ಕಿನಿಂದ ಬರುತ್ತವೆ, "ನಮ್ಮದು ಏನೂ ಮಾಡುವುದಿಲ್ಲ" ಎನ್ನುವ ಮಾಲೀಕರು ಬಹಳ ಹಿಂದೆ ಇರುತ್ತಾರೆ.

ಎದುರಿನ ನಾಯಿ ಕಾಣಿಸಿತು, ನಿಮ್ಮ ನಾಯಿ ಅದನ್ನು ನೋಡಿತು. ನೋಡಿದ ಆ ಕ್ಷಣದಲ್ಲೇ "ಭೇಷ್" ಎಂದು, ಒಂದು ತುಣುಕನ್ನು ಅದರ ಮೂಗಿನ ಬಳಿಗೇ ಒಯ್ದು ಕೊಡಿ. ಎದುರಿನ ನಾಯಿ ಕಾಣುತ್ತಿರುವವರೆಗೂ ತುಣುಕುಗಳು ಬರುತ್ತಲೇ ಇರಲಿ. ಅದು ಮರೆಯಾದೊಡನೆ ತಿನಿಸೂ ನಿಲ್ಲಲಿ. ಕ್ರಮ ತಪ್ಪಬಾರದು, ಎಲ್ಲರೂ ಎಡವುವುದು ಇಲ್ಲೇ. ಬರುವ ನಾಯಿಯನ್ನು ನೀವು ಮೊದಲು ಕಂಡು, ಗಾಬರಿಯಿಂದ ಚೀಲಕ್ಕೆ ಕೈಹಾಕಿ ತಿನಿಸು ತೋರಿಸಿದರೆ, ತಿನಿಸು ಬಂತೆಂದರೆ ಗಂಡಾಂತರ ಬರುತ್ತದೆಂದು ನಾಯಿ ಕಲಿಯುತ್ತದೆ. ಮೊದಲು ನಾಯಿ, ಆಮೇಲೆ ಪನೀರು. ಲೀಶ್ ಸಡಿಲವಾಗಿರಬೇಕು. ನೀವು ಅದನ್ನು ಬಿಗಿಹಿಡಿದರೆ ನಾಯಿಗೆ ಹೆದರಲು ಇನ್ನೊಂದು ಕಾರಣ ಸಿಕ್ಕಿತು.

ಒಂದು ಬಾರಿಗೆ ಐದು ನಿಮಿಷ ಸಾಕು. ದಿನಗಳು ಕಳೆದಂತೆ ಒಂದು ಬದಲಾವಣೆ ಕಾಣಿಸುತ್ತದೆ: ಎದುರಿನ ನಾಯಿಯನ್ನು ನೋಡಿದ ನಿಮ್ಮ ನಾಯಿ, ನೀವು ಏನೂ ಹೇಳದೆಯೇ, ಕತ್ತು ಹೊರಳಿಸಿ "ಎಲ್ಲಿ ನನ್ನ ಪಾಲು?" ಎಂಬಂತೆ ನಿಮ್ಮ ಮುಖ ನೋಡುತ್ತದೆ. ಭಾವನೆ ಬದಲಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಇನ್ನು ಮುಂದೆ ಅದು ತಾನಾಗಿ ತಿರುಗುವವರೆಗೆ ಒಂದೆರಡು ಸೆಕೆಂಡು ಕಾದು, ತಿರುಗಿದ ಮೇಲೆಯೇ "ಭೇಷ್" ಹೇಳಿ. ಇದು ಸಲೀಸಾದ ನಂತರ ಒಂದು ಕಾರಿನಷ್ಟು ಹತ್ತಿರ ಹೋಗಿ. ಆದರೆ ದೂರ ಕಡಿಮೆ ಮಾಡಿದ ದಿನ ಹೊತ್ತನ್ನು ಹೆಚ್ಚಿಸಬೇಡಿ, ಕಾಣುವ ನಾಯಿಗಳ ಸಂಖ್ಯೆಯನ್ನೂ ಹೆಚ್ಚಿಸಬೇಡಿ. ನಿಂತ ನಾಯಿ ಸುಲಭ, ನಡೆಯುವ ನಾಯಿ ಕಷ್ಟ, ನೇರವಾಗಿ ಎದುರಿಗೆ ಬರುವ ನಾಯಿ ಎಲ್ಲಕ್ಕಿಂತ ಕಷ್ಟ; ಆದ್ದರಿಂದ ಎದುರಾಗುವಾಗ ಕಮಾನಿನಂತೆ ಬಳಸಿಕೊಂಡು ಹೋಗಿ.

ಹೆದರಿದಾಗ ತಿನಿಸು ಕೊಟ್ಟರೆ ಹೆದರಿಕೆಗೇ ಬಹುಮಾನ ಕೊಟ್ಟಂತಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೆದರಿಕೆ ಎಂಬುದು ಬಹುಮಾನದ ಆಸೆಗೆ ಮಾಡುವ ಕೆಲಸವಲ್ಲ, ಆದ್ದರಿಂದ ಪನೀರಿನಿಂದ ಅದು ಹೆಚ್ಚುವುದಿಲ್ಲ.

ಹಿಂತಿರುಗುವುದನ್ನೂ ಕಲಿಸಿ

ಪುಣೆಯ ಗಲ್ಲಿಗಳಲ್ಲಿ ತಿರುವಿನಾಚೆ ಏನಿದೆಯೆಂದು ಕಾಣುವುದಿಲ್ಲ. ಅದಕ್ಕಾಗಿ "ತಿರುಗು" ಎಂದೊಡನೆ ನಿಮ್ಮೊಡನೆ ಪೂರ್ತಿ ಹಿಂತಿರುಗಿ ನಡೆಯುವುದನ್ನು ಮೊದಲು ಹಜಾರದಲ್ಲಿ, ಬಳಿಕ ಖಾಲಿ ಪಾರ್ಕಿಂಗಿನಲ್ಲಿ ಆಟದಂತೆ ರೂಢಿಸಬೇಕು. ಹೇಳಿ, ತಿರುಗಿ, ನಾಲ್ಕು ಹೆಜ್ಜೆ ಲಗುಬಗೆಯಿಂದ ನಡೆದು, ತಿನಿಸು ಕೊಡಿ. ತಿರುಗಲು ಜಾಗವಿಲ್ಲದಿದ್ದರೆ ನಿಂತ ಕಾರಿನ ಮರೆಗೆ ಸರಿದು ನೆಲಕ್ಕೆ ಒಂದು ಹಿಡಿ ಚೆಲ್ಲಿ. ಮೂಗು ನೆಲದಲ್ಲಿರುವಷ್ಟು ಹೊತ್ತು ಕಣ್ಣು ರಸ್ತೆಯಲ್ಲಿರುವುದಿಲ್ಲ. ಆದರೂ ಸ್ಫೋಟವಾಗಿಬಿಟ್ಟರೆ ಬೈಯದೆ, "ಕೂತ್ಕೋ, ಕೂತ್ಕೋ" ಎಂದು ಜಪಿಸದೆ, ದೂರ ಹೋಗಿಬಿಡಿ.

ಬೀದಿನಾಯಿಗಳ ಸೀಮೆ

ಬೀದಿನಾಯಿಗಳಿಗೆ ಅವುಗಳದೇ ಸರಹದ್ದು ಇರುತ್ತದೆ. ಚಹಾ ಅಂಗಡಿಯಿಂದ ರಸ್ತೆಬದಿಯ ವಿದ್ಯುತ್ ಪೆಟ್ಟಿಗೆಯವರೆಗೆ ಒಂದು ಗುಂಪು, ಅಲ್ಲಿಂದ ದೇವಸ್ಥಾನದವರೆಗೆ ಇನ್ನೊಂದು. ಹೆಚ್ಚಿನ ಸಲ ಅವು ತಮ್ಮ ಗಡಿಯವರೆಗೆ ಬೊಗಳುತ್ತ ಹಿಂಬಾಲಿಸಿ ಅಲ್ಲಿಗೇ ನಿಲ್ಲುತ್ತವೆ. ಒಂದು ವಾರ ನಾಯಿಯಿಲ್ಲದೆ ನೀವೊಬ್ಬರೇ ನಡೆದು ಈ ಗಡಿಗಳನ್ನು ಗುರುತಿಸಿಕೊಂಡರೆ ಗೊಂದಲ ಕಡಿಮೆಯಿರುವ ದಾರಿಯೊಂದು ಸಿಗುತ್ತದೆ. ಕಿವಿಯ ತುದಿ ಕತ್ತರಿಸಿದ ನಾಯಿ ಸಂತಾನಹರಣ ಚಿಕಿತ್ಸೆಯಾದ ನಾಯಿ. ಗುಂಪಿನಲ್ಲಿ ಅಂಥವು ಹೆಚ್ಚಿದ್ದರೆ ಮರಿಹಾಕಿದ ತಾಯಿನಾಯಿ ಎದುರಾಗುವ ಸಂಭವ ಕಡಿಮೆ.

ಹಿಂಬಾಲಿಸಿದರೆ ಓಡಬೇಡಿ, ಕಲ್ಲೆಸೆಯಬೇಡಿ. ನಿಮ್ಮ ನಾಯಿಯನ್ನು ಬೆನ್ನ ಹಿಂದಕ್ಕೆ ಮಾಡಿಕೊಂಡು, ಒಂದು ಹಿಡಿ ಬಿಸ್ಕತ್ತನ್ನು ಅವುಗಳ ಹಿಂದಕ್ಕೆ ಬೀಳುವಂತೆ ಎಸೆದು, ನಿಧಾನವಾಗಿ ಸರಿಯಿರಿ. ಸೊಸೈಟಿಯ ಗೇಟಿನ ಬಳಿಯೇ ಬೀದಿನಾಯಿಗಳಿಗೆ ಅನ್ನ ಹಾಕುವ ರೂಢಿಯಿದ್ದರೆ ಜಗಳಕ್ಕೆ ಹೋಗದೆ ಸಮಿತಿಯ ಮುಂದೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನಿಡಿ. ಆಹಾರ ಹಾಕುವ ಜಾಗವು ಕಟ್ಟಡದ ಪ್ರವೇಶ, ನಿರ್ಗಮನ, ಮೆಟ್ಟಿಲು ಮತ್ತು ಮಕ್ಕಳ ಆಟದ ಜಾಗದಿಂದ ದೂರವಿರಬೇಕೆಂದು ಅವೇ ಹೇಳುತ್ತವೆ. ಅನ್ನ ಹಾಕುವವರಿಗೂ ನಿಮಗೂ ಇದರಿಂದ ಒಳ್ಳೆಯದೇ.

ಢೋಲ್-ತಾಶಾ ಕಾಲ

ಗಣೇಶೋತ್ಸವಕ್ಕೆ ಎಷ್ಟೋ ವಾರ ಮೊದಲೇ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ಪಥಕಗಳ, ಅಂದರೆ ಡೋಲು ಬಾರಿಸುವ ತಂಡಗಳ, ತಾಲೀಮು ಶುರುವಾಗುತ್ತದೆ. ಸದ್ದಿಗೆ ಹೆದರುವ ನಾಯಿಯ ಗೆರೆ ಆ ದಿನಗಳಲ್ಲಿ ಮತ್ತಷ್ಟು ದೂರ ಸರಿಯುತ್ತದೆ. ಬೇಸಿಗೆಯಲ್ಲೇ ಢೋಲಿನ ಧ್ವನಿಮುದ್ರಣವನ್ನು ಕೇಳಿಸಿಯೂ ಕೇಳಿಸದಷ್ಟು ಸಣ್ಣದಾಗಿ ಹಾಕಿ, ಪ್ರತಿ ಬಾರಿಯೂ ಸದ್ದಿನ ಹಿಂದೆಯೇ ತಿನಿಸು ಕೊಡುತ್ತ, ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪ ಏರಿಸಬೇಕು. ಹಬ್ಬ ಬಂದೇಬಿಟ್ಟಿದ್ದರೆ ತರಬೇತಿಗೆ ಹೊತ್ತಿಲ್ಲ: ಒಳಕೋಣೆ, ದಪ್ಪ ಪರದೆ, ಫ್ಯಾನಿನ ಸದ್ದು, ನಸುಕಿನಲ್ಲೊಂದು ಸಣ್ಣ ಸುತ್ತು, ಅಷ್ಟೇ. ದೀಪಾವಳಿಗೂ ಇದೇ ಏರ್ಪಾಡು.

ಹೊಡೆತ ಏಕೆ ಬೇಡ

ಅಜ್ಜ ಹೇಳಿದಂತೆ ಎರಡು ಬಿಟ್ಟರೆ ನಾಯಿ ಸುಮ್ಮನಾಗುವುದು ನಿಜ, ತೊಂದರೆಯೇ ಅದು. ಎದುರಿನ ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ, ಆ ನೋವನ್ನು ಅದು ಎದುರಿನ ನಾಯಿಯ ಲೆಕ್ಕಕ್ಕೇ ಬರೆಯುತ್ತದೆ, ಹೆದರಿಕೆ ಇಮ್ಮಡಿಯಾಗುತ್ತದೆ. ಜೊತೆಗೆ, ಗುರ್ರೆನ್ನುವುದು ಕಚ್ಚುವ ಮುನ್ನಿನ ಎಚ್ಚರಿಕೆ. ಅದಕ್ಕೆ ಪೆಟ್ಟು ಕೊಟ್ಟರೆ ಎಚ್ಚರಿಕೆ ಅಡಗುತ್ತದೆ, ಕಚ್ಚುವ ಒತ್ತಡ ಉಳಿಯುತ್ತದೆ, ಮುಂದೊಂದು ದಿನ ನಾಯಿ ಸದ್ದಿಲ್ಲದೆ ಬಾಯಿ ಹಾಕುತ್ತದೆ. ತರಬೇತುದಾರರನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಯೂ ಇದೇ: ನಾಯಿ ತಪ್ಪು ಮಾಡಿದಾಗ ನೀವೇನು ಮಾಡುತ್ತೀರಿ? ಉತ್ತರದಲ್ಲಿ ಚೈನು ಜಗ್ಗುವುದು, ನೆಲಕ್ಕೊತ್ತುವುದು, ಯಜಮಾನಿಕೆ ತೋರಿಸುವುದು ಬಂದರೆ, ಅಥವಾ "ಹಾಸ್ಟೆಲಿಗೆ ಬಿಡಿ, ಒಂದು ತಿಂಗಳಲ್ಲಿ ಸರಿಮಾಡಿ ಕೊಡುತ್ತೇವೆ" ಎಂಬ ಗ್ಯಾರಂಟಿ ಬಂದರೆ, ಚಹಾ ಕುಡಿದು ಎದ್ದು ಬನ್ನಿ.

ಕಚ್ಚಿದ ಇತಿಹಾಸವಿರುವ ನಾಯಿಗೆ ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರುವ ಬುಟ್ಟಿಯಾಕಾರದ ಮಜಲ್ (ಮೂತಿಗೆ ಕಟ್ಟುವ ಕುಕ್ಕೆ) ರೂಢಿ ಮಾಡಿಸಿ. ಮೊದಲು ಅದರೊಳಗೆ ತಿನಿಸಿಟ್ಟು ತಾನಾಗಿ ಮೂತಿ ಹಾಕಲು ಬಿಡಿ, ಪಟ್ಟಿ ಕಟ್ಟುವುದು ಕೆಲವು ದಿನಗಳ ಬಳಿಕ. ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅರಿಶಿನ, ಸುಣ್ಣ ಹಚ್ಚದೆ, ಅಂದೇ ವೈದ್ಯರಲ್ಲಿಗೆ ಹೋಗಬೇಕು. ನಿಮ್ಮ ನಾಯಿಗೆ ರೇಬಿಸ್ ಲಸಿಕೆಯಾಗಿದೆಯೆಂದು ಇದನ್ನು ಬಿಡುವಂತಿಲ್ಲ.

ಎಷ್ಟು ದಿನ ಹಿಡಿಯುತ್ತದೆ?

ವಾರಗಳ ಲೆಕ್ಕದಲ್ಲಿ ಅಲ್ಲ, ತಿಂಗಳುಗಳ ಲೆಕ್ಕದಲ್ಲಿ ಯೋಚಿಸಿ. ನೋಟ್‌ಬುಕ್ಕಿನಲ್ಲಿ ಎರಡು ಅಂಶಗಳನ್ನು ಬರೆಯುತ್ತ ಹೋಗಿ: ಎಷ್ಟು ಕಾರಿನ ದೂರದಲ್ಲಿ ಸುಮ್ಮನಿತ್ತು, ಮತ್ತು ಕೆರಳಿದ ಮೇಲೆ ಮತ್ತೆ ತಿನಿಸು ತೆಗೆದುಕೊಳ್ಳಲು ಎಷ್ಟು ಹೊತ್ತು ಹಿಡಿಯಿತು. ಎಷ್ಟೋ ಸಲ ದೂರಕ್ಕಿಂತ ಮೊದಲು ಸುಧಾರಿಸುವುದು ಎರಡನೆಯದು. ಮರಿಯ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲದಲ್ಲಿ ಹೊರಗಿನ ಜಗತ್ತನ್ನು ಕಾಣದೆ ಬೆಳೆದ ನಾಯಿಗಳಿಗೆ ಹೆಚ್ಚು ಸಮಯ ಬೇಕು, ಮತ್ತು ಅವುಗಳಲ್ಲಿ ಕೆಲವು ಎಂದಿಗೂ ನಾಯಿಗಳ ಗುಂಪಿನಲ್ಲಿ ಆಡಲಾರವು. ಎರಡು ಕಾರಿನ ದೂರದಲ್ಲಿ ಸದ್ದಿಲ್ಲದೆ ಹಾದುಹೋಗುವ ನಾಯಿ ನಗರದ ಬದುಕಿಗೆ ಸಾಕು.

ನೀವು ಎಷ್ಟು ದೂರ ಹೋದರೂ ನಾಯಿ ತಿನಿಸು ಮುಟ್ಟದಿದ್ದರೆ, ಮನೆಯೊಳಗೂ ಬೆಚ್ಚಿಬೀಳುತ್ತಿದ್ದರೆ, ಔಷಧದ ಬಗ್ಗೆ ಪಶುವೈದ್ಯರೊಡನೆ ಮಾತನಾಡಿ. ಫ್ಲೂಯೊಕ್ಸೆಟಿನ್‌ನಂಥ ನಿತ್ಯದ ಮಾತ್ರೆಗಳು ಪರಿಣಾಮ ತೋರಿಸಲು ಹಲವು ವಾರ ಬೇಕು, ಅವನ್ನು ನಡುವೆ ತಟ್ಟನೆ ನಿಲ್ಲಿಸಬಾರದು, ಮನುಷ್ಯರ ಮಾತ್ರೆಯನ್ನು ನೀವೇ ಅಂದಾಜಿನಲ್ಲಿ ಕೊಡಲೂಬಾರದು. ಮಾತ್ರೆಯೊಂದೇ ಏನನ್ನೂ ಕಲಿಸುವುದಿಲ್ಲ. ಗೆರೆಯನ್ನು ಹತ್ತಿರ ತಂದು ತರಬೇತಿಗೆ ಅವಕಾಶ ಮಾಡಿಕೊಡುತ್ತದೆ. ಔಷಧವಿರಲಿ ಇಲ್ಲದಿರಲಿ, ನಾಯಿ ಸುಧಾರಿಸಿದ ಮೇಲೂ ತಿನಿಸಿನ ಚೀಲವನ್ನು ಬೇಗನೆ ಮೂಲೆಗೆ ಹಾಕಬೇಡಿ. ಮೊದಲು ಸುಲಭದ ಭೇಟಿಗಳಿಗೆ ತಿನಿಸಿನ ಬದಲು ಒಳ್ಳೆಯ ಮಾತು, ಆಮೇಲೆ ಮಧ್ಯಮ ಕಷ್ಟದವುಗಳಿಗೆ ಒಮ್ಮೆ ತಿನಿಸು, ಒಮ್ಮೆ ಮಾತು. ತಿರುವಿನಲ್ಲಿ ಥಟ್ಟನೆ ಎದುರಾಗುವ ನಾಯಿಗೆ ಮಾತ್ರ ವರ್ಷ ಕಳೆದರೂ ಪನೀರೇ ಇರಲಿ.